ಗಂಡನ ಹೆಸರಿನಲ್ಲಿ ಫೈಲೇ ಇರಲಿಲ್ಲ: ಗಂಗಾವತಿ ಕಡೆಯ ಒಂದು ಪ್ರಕರಣ

ಆಕೆಯ ಕಾಗದಗಳನ್ನು ಮನೆಯವರು ಸೀರೆ ಅಂಗಡಿಯ ಚೀಲದಲ್ಲಿ ತಂದಿದ್ದರು. ಮೂರು ವರ್ಷದಲ್ಲಿ ಎರಡು ಬಸಿರು ಹೋಗಿದ್ದವು, ಮೂರನೆಯದು ನಡೆಯುತ್ತಿತ್ತು. ಚೀಲದೊಳಗೆ ಹನ್ನೊಂದು ಸ್ಕ್ಯಾನಿಂಗ್ ರಿಪೋರ್ಟು, ಕೆಲವು ಸೋಂಕುಗಳನ್ನು ಹುಡುಕಲು ಎರಡು ಸಲ ಮಾಡಿಸಿದ 'ಟಾರ್ಚ್' ಎಂಬ ರಕ್ತಪರೀಕ್ಷೆ, ಹಾರ್ಮೋನ್ ಇಂಜೆಕ್ಷನ್ನಿನ ಚೀಟಿಗಳು, ರಕ್ತ ಹೆಪ್ಪುಗಟ್ಟದಂತೆ ಯಾರೋ ಬರೆದುಕೊಟ್ಟ ಹೆಪಾರಿನ್, ಇನ್ಯಾರೋ ಬರೆದ ಆಸ್ಪಿರಿನ್. ಗಂಡನ ಹೆಸರು ಪ್ರತಿ ಚೀಟಿಯಲ್ಲೂ ಇತ್ತು, ಆಕೆಯ ಹೆಸರಿನ ಮುಂದೆ 'ಕೋಂ' ಎಂದು ಬರೆದು ಅದರ ಪಕ್ಕದಲ್ಲಿ. ರಕ್ತದ ಗುಂಪು ಒಂದನ್ನು ಬಿಟ್ಟರೆ ಅವನ ಮೈಯ ಬಗ್ಗೆ ಆ ಚೀಲದಲ್ಲಿ ಒಂದಕ್ಷರವೂ ಇರಲಿಲ್ಲ.

ಗಂಗಾವತಿ ಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಸ್ತ್ರೀರೋಗ ಮತ್ತು ಹೆರಿಗೆಯ ವೈದ್ಯೆಯಾಗಿದ್ದೇನೆ. ಇಂಥ ಚೀಲಗಳನ್ನು ನೂರಾರು ಬಿಚ್ಚಿದ್ದೇನೆ. ಆ ದಿನ ನನಗೂ ಅದರಲ್ಲಿ ಏನೋ ಕಮ್ಮಿ ಇದೆ ಅನ್ನಿಸಲಿಲ್ಲ. ಅದಕ್ಕಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಆಕೆಗೆ ಇಪ್ಪತ್ತೈದು, ಅವನಿಗೆ ಮೂವತ್ಮೂರು. ಆಕೆ ಅವನ ಅಕ್ಕನ ಮಗಳು. ನಮ್ಮ ಕಡೆ ಈ ಸಂಬಂಧ ಹೊಸದಲ್ಲ. ಅಂದರೆ ಅತ್ತೆ ಆಗಿರುವವಳು ಆಕೆಗೆ ಅಜ್ಜಿಯೂ ಹೌದು. ಎರಡು ಎಕರೆ ನೀರಾವರಿ ಜಮೀನು, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದರೆ ಎರಡು ಬೆಳೆ, ಬಾರದಿದ್ದರೆ ಒಂದು. ಮನೆ ನಡೆಯುತ್ತಿದ್ದುದು ಅವನ ಪಗಾರದಿಂದ. ಕುಸುಬಲಕ್ಕಿ ಮಾಡುವ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟು ಊಡುವ ಕೆಲಸ, ಹನ್ನೆರಡು ತಾಸಿನ ಪಾಳಿ, ಸುಗ್ಗಿಯಲ್ಲಿ ಕೆಲವೊಮ್ಮೆ ಎರಡು ಪಾಳಿ ಒಟ್ಟಿಗೆ.

ಮೊದಲ ಬಸಿರು ಏಳನೇ ವಾರಕ್ಕೆ ಹೋಯಿತು. "ಮೊದಲನೇದು, ಆಗ್ತದ" ಎಂದು ಎಲ್ಲರೂ ಸಮಾಧಾನ ಮಾಡಿದರು. ಆ ಮಾತು ತಪ್ಪೇನಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಸುಮಾರು 15 ಗರ್ಭಪಾತವಾಗುತ್ತವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭ್ರೂಣದ ಕ್ರೋಮೋಸೋಮ್ ಎಣಿಕೆಯಲ್ಲಿ ಆಕಸ್ಮಿಕವಾಗಿ ಆದ ಏರುಪೇರಿನಿಂದ. ಎರಡನೆಯದು ಒಂಬತ್ತನೇ ವಾರಕ್ಕೆ. ಆಗ ಮನೆಯಲ್ಲಿ ಮಾತು ಬದಲಾಯಿತು. ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಹರಕೆ ಕಟ್ಟಿ ಬಂದರು. ಆಕೆ ಸೈಕಲ್ ಹೊಡೆಯುವುದನ್ನು, ಬಾವಿಯಿಂದ ನೀರು ಸೇದುವುದನ್ನು, ಪಪ್ಪಾಯಿ ತಿನ್ನುವುದನ್ನು ನಿಲ್ಲಿಸಿದರು. ಮೂರನೇ ಬಸಿರಿನಲ್ಲಿ ಎಂಟು ವಾರ ಆದಾಗ ನನ್ನ ಬಳಿ ಬಂದಳು. ಸ್ಕ್ಯಾನಿಂಗಿನಲ್ಲಿ ಭ್ರೂಣ ಇತ್ತು, ಹೃದಯ ಬಡಿತ ಇರಲಿಲ್ಲ. ವಾರ ಬಿಟ್ಟು ನೋಡಿದರೂ ಇರಲಿಲ್ಲ.

ನನ್ನಲ್ಲೇ ಆದ ತಪ್ಪು

ಗರ್ಭಕೋಶ ಸ್ವಚ್ಛ ಮಾಡುವ ಮೊದಲು ನಾನು ಅವರಿಗೆ ಒಂದು ಮಾತು ಹೇಳಿದ್ದೆ: ಈ ಸಲ ಹೊರಬಂದ ಅಂಶವನ್ನು ಬೆಂಗಳೂರಿಗೆ ಕಳಿಸಿ ಕ್ರೋಮೋಸೋಮ್ ಪರೀಕ್ಷೆ ಮಾಡಿಸೋಣ. ಅದರಲ್ಲಿ ಏರುಪೇರು ಕಂಡರೆ ಇದು ಆಕಸ್ಮಿಕ ಎಂದು ತಿಳಿದು ಧೈರ್ಯ ಹೇಳಬಹುದು, ಎಲ್ಲ ಸರಿ ಇದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬಹುದು. ಗಂಡ ಆ ತಿಂಗಳ ಅರ್ಧ ಪಗಾರವನ್ನು ಅದಕ್ಕೆಂದೇ ತೆಗೆದಿಟ್ಟಿದ್ದ.

ಥಿಯೇಟರಿನಲ್ಲಿ ನಮ್ಮ ಸಿಬ್ಬಂದಿ ರೂಢಿಯಂತೆ ಅದನ್ನು ಫಾರ್ಮಲಿನ್ ಬಾಟಲಿಗೆ ಹಾಕಿದರು. ಫಾರ್ಮಲಿನ್ ಬಿದ್ದರೆ ಕೋಶಗಳು ಸತ್ತುಹೋಗುತ್ತವೆ, ಲ್ಯಾಬಿನಲ್ಲಿ ಅವನ್ನು ಬೆಳೆಸಿ ಕ್ರೋಮೋಸೋಮ್ ನೋಡಲು ಬರುವುದಿಲ್ಲ. ಸ್ಟೆರೈಲ್ ಸಲೈನಿನಲ್ಲೋ ಲ್ಯಾಬಿನವರು ಕೊಡುವ ದ್ರವದಲ್ಲೋ ಹಾಕಿ ತಂಪಿನಲ್ಲಿ ಕಳಿಸಬೇಕಿತ್ತು. ಹೇಳಬೇಕಾದವಳು ನಾನು, ಹೇಳಿರಲಿಲ್ಲ. ನಾಲ್ಕು ದಿನ ಬಿಟ್ಟು ಲ್ಯಾಬಿನಿಂದ ಫೋನ್ ಬಂತು. ಆ ದುಡ್ಡನ್ನು ವಾಪಸ್ ಕೊಡುವಾಗ ಅವನು ಎಣಿಸದೆ ಜೇಬಿಗಿಟ್ಟುಕೊಂಡ. ಏನೂ ಅನ್ನಲಿಲ್ಲ.

ಮೂರನೆಯದರಲ್ಲಿ ಏನಾಗಿತ್ತು ಎಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು. ಇಂದು ನಮ್ಮ ಥಿಯೇಟರಿನ ಬಾಗಿಲ ಹಿಂದೆ ಕೆಂಪು ಅಕ್ಷರದಲ್ಲಿ ಬರೆಸಿದ್ದೇನೆ: 'ಮರುಗರ್ಭಪಾತ ಇದ್ದರೆ ಸಲೈನ್, ಫಾರ್ಮಲಿನ್ ಅಲ್ಲ.'

"ಬಸಿರಾಗತಾಳಲ್ರೀ"

ಆಕೆಯ ಪರೀಕ್ಷೆಗಳನ್ನು ಕ್ರಮವಾಗಿ ಶುರು ಮಾಡಿದೆ. ಗರ್ಭಕೋಶದ ಆಕಾರ ಸರಿ ಇತ್ತು. ಥೈರಾಯಿಡ್ ಸರಿ, ಶುಗರ್ ಸರಿ. ರಕ್ತ ಹೆಪ್ಪುಗಟ್ಟಿಸಿ ಬಸಿರು ಕೆಡಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು ಮೊದಲ ಸಲ ಇಲ್ಲ ಎಂದು ಬಂತು. ಅದನ್ನು ಹನ್ನೆರಡು ವಾರ ಬಿಟ್ಟು ಮತ್ತೆ ನೋಡಬೇಕೆಂದು ಬರೆದೆ. ಹಿಮೋಗ್ಲೋಬಿನ್ 9.4 ಇತ್ತು, ಕಬ್ಬಿಣದ ಮಾತ್ರೆ ಕೊಟ್ಟೆ. ಟಾರ್ಚ್ ಪರೀಕ್ಷೆಯನ್ನು ನಾನು ಮತ್ತೆ ಬರೆಯಲಿಲ್ಲ. ಮರುಗರ್ಭಪಾತದ ಕಾರಣ ಹುಡುಕಲು ಅದು ಉಪಯೋಗಕ್ಕೆ ಬಾರದು, ಆದರೂ ನಮ್ಮ ಕಡೆ ಅದಕ್ಕೆ ಸುರಿಯುವ ದುಡ್ಡು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗಂಡ ಆಸ್ಪತ್ರೆಗೆ ಬರುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಹೊರಗೆ ಬೈಕಿನ ಮೇಲೆ ಕೂತಿರುತ್ತಿದ್ದ. ಒಂದು ಸಲ ಕರೆಸಿ, "ನಿಮ್ಮದೂ ಒಂದಿಷ್ಟು ಪರೀಕ್ಷೆ ಮಾಡಬೇಕಾಗ್ತದ" ಎಂದೆ. ಅವನಿಗೆ ಸಿಟ್ಟು ಬರಲಿಲ್ಲ, ಅರ್ಥವೇ ಆಗಲಿಲ್ಲ. "ಆಕಿ ಬಸಿರಾಗತಾಳಲ್ರೀ ಮೇಡಮ್. ಮೂರು ಸಲ ಆಗ್ಯಾಳ. ನನ್ನಾಗ ದೋಷ ಇದ್ದಿದ್ರ ಆಗತಿದ್ಲೇನ್ರಿ?"

ಈ ಮಾತಿನಲ್ಲಿ ಒಂದು ನ್ಯಾಯ ಇದೆ, ಅದಕ್ಕೇ ಅದು ಅಷ್ಟು ಗಟ್ಟಿಯಾಗಿ ನಿಂತಿದೆ. ಹಳ್ಳಿಯವರಷ್ಟೇ ಅಲ್ಲ, ನಮ್ಮ ಓದಿದ ಮಂದಿಯೂ, ವೈದ್ಯರೂ ಇದನ್ನೇ ನಂಬಿ ನಡೆದಿದ್ದೇವೆ. ಮಗು ಆಗದಿದ್ದರೆ ಗಂಡನನ್ನೂ ಪರೀಕ್ಷಿಸಬೇಕು ಎಂಬ ಅರಿವು ಈಗೀಗ ಬಂದಿದೆ. ಆದ ಬಸಿರು ನಿಲ್ಲದಿದ್ದರೆ ಮಾತ್ರ ಅದು ಪೂರ್ತಿ ಹೆಣ್ಣಿನ ಲೆಕ್ಕಕ್ಕೆ ಹೋಗುತ್ತದೆ. ಅವನ ಉತ್ತರ ಕೇಳಿ ನಾನೂ ಒತ್ತಾಯ ಮಾಡಲಿಲ್ಲ. ಇನ್ನೂ ಎರಡು ಭೇಟಿ ಹಾಗೆಯೇ ಹೋದವು.

ಅಷ್ಟರಲ್ಲಿ ಮನೆಯಲ್ಲಿ ಎರಡನೇ ಮದುವೆಯ ಮಾತು ಎದ್ದಿತ್ತು. ಅದನ್ನು ನನಗೆ ಹೇಳಿದವಳು ಅಜ್ಜಿಯೇ, ಅತ್ತು ಹೇಳಿದಳು. "ಮೊಮ್ಮಗಳೂ ಹೌದು, ಸೊಸಿನೂ ಹೌದು. ನಾ ಯಾರ ಕಡಿ ನಿಂದ್ರಲಿ ಯವ್ವಾ?" ಸಂಬಂಧದೊಳಗೆ ಮಾಡಿದ್ದಕ್ಕೇ ಹೀಗಾಯಿತು ಎಂದು ಬೀಗರು ಅನ್ನುತ್ತಿದ್ದರು. ಹತ್ತಿರದ ಸಂಬಂಧದ ಮದುವೆಯಲ್ಲಿ ಕೆಲವು ಅನುವಂಶಿಕ ಕಾಯಿಲೆಗಳ ಅಪಾಯ ಹೆಚ್ಚು ಎಂಬುದು ನಿಜ, ಮುಚ್ಚಿಡುವ ಮಾತಲ್ಲ. ಆದರೆ ಮೊದಲ ಎರಡು ಮೂರು ತಿಂಗಳಲ್ಲಿ ಸಾಲಾಗಿ ಬಸಿರು ಹೋಗುವುದಕ್ಕೂ ಅದಕ್ಕೂ ಗಟ್ಟಿ ನಂಟು ಕಂಡುಬಂದಿಲ್ಲ. ಅಜ್ಜಿಗೆ ಅದನ್ನೇ ಹೇಳಿದೆ. ಮುಂದಿನ ಸೋಮವಾರ ಮಗನನ್ನೂ ಒಳಗೆ ಕರಕೊಂಡು ಬಾ, ಮೂವರೂ ಕೂತು ಮಾತಾಡೋಣ ಎಂದೆ.

ಮೂರು ಸಲ ಎದ್ದು ಹೋದದ್ದು

ಆ ಸೋಮವಾರ ಸುಮಾರು ಒಂದು ತಾಸು ಕೂತಿದ್ದೆವು. ಮಾತಿನ ನಡುವೆ ಅವನು ಎದ್ದು ಹೊರಗೆ ಹೋದ, ಬಂದ. ಇನ್ನೊಂದು ಸಲ ಹೋದ. ಮೂರನೇ ಸಲ ಎದ್ದಾಗ ಬೇಸರ ಬಂದು, "ನಿಮ್ಮ ಮನಿ ಮಾತು ನಡೆದೈತಿ, ಯಾಕ ಎದ್ದೆದ್ದು ಹೊಂಟೀರಿ?" ಎಂದೆ. ತಲೆ ತಗ್ಗಿಸಿ, "ಒಂದಕ್ಕ ಹೋಗಬೇಕ್ರಿ" ಎಂದ. ಬಾಯ್ಲರ್ ಮುಂದೆ ದಿನಕ್ಕೆ ಐದು ಲೀಟರಿನ ಕ್ಯಾನು ಖಾಲಿಯಾಗುತ್ತದೆ, ಅದಕ್ಕೇ ಹೀಗೆ ಎಂದು ತಾನೇ ಕಾರಣವನ್ನೂ ಕೊಟ್ಟ. ಅಂದು ಅವನಿಗೆ ರಜೆ, ಬಾಯ್ಲರ್ ಮುಂದೆ ನಿಂತಿರಲಿಲ್ಲ.

ಮೇಜಿನ ಮೇಲಿದ್ದ ಗ್ಲೂಕೋಮೀಟರ್ ತೆಗೆದು ಬೆರಳು ಚುಚ್ಚಿದೆ. 287.

ಈ ಪ್ರಕರಣ ತಿರುಗಿದ್ದು ಅಲ್ಲಿ. ನನ್ನ ಜಾಣತನದಿಂದ ತಿರುಗಲಿಲ್ಲ, ಅವನು ಒಳಗೆ ಬಂದು ಒಂದು ತಾಸು ಕೂತದ್ದರಿಂದ ತಿರುಗಿತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.4 ಬಂತು. ಸಣಕಲ ಮೈಯ, ಮೂವತ್ಮೂರು ವಯಸ್ಸಿನ, ದಿನವೆಲ್ಲ ಮೈ ಮುರಿದು ದುಡಿಯುವ ಮನುಷ್ಯನಿಗೆ ಸಕ್ಕರೆ ಕಾಯಿಲೆ ಇರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಂದು ಮೊದಲ ಬಾರಿಗೆ ಅವನ ಹೆಸರಿನಲ್ಲಿ ಒಂದು ಕೇಸ್ ಪೇಪರ್ ತೆಗೆಸಿದೆ. ಆಮೇಲೆ ಪ್ರಶ್ನೆ ಕೇಳುತ್ತಾ ಹೋದೆ, ಒಂದೊಂದಕ್ಕೂ ಉತ್ತರ ಇತ್ತು. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಚೀಟಿ ಪಾನ್ ಮಸಾಲ ಮತ್ತು ತಂಬಾಕು. ರಾಜ್ಯದಲ್ಲಿ ಗುಟ್ಕಾ 2013ರಿಂದ ನಿಷೇಧ. ಅಂಗಡಿಯಲ್ಲಿ ಎರಡು ಚೀಟಿ ಬೇರೆ ಬೇರೆ ಕೊಡುತ್ತಾರೆ, ಇವರು ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಾರೆ. ರಾತ್ರಿ ಪಾಳಿಯಲ್ಲಿ ನಿದ್ದೆ ಹಾರಿಸಲು ಅದೇ ಔಷಧಿ. ಹೊಲಕ್ಕೆ ಕೀಟನಾಶಕ ಹೊಡೆಯುವಾಗ ಮುಖಕ್ಕೆ ಟವೆಲ್ಲು, ಕೈಗೆ ಏನೂ ಇಲ್ಲ. ಇನ್ನೊಂದು ವಿಷಯವನ್ನು ಹೆಂಡತಿ ಹೊರಗೆ ಹೋದ ಮೇಲೆ ಹೇಳಿದ. ಈ ಸಲ ಕೂಸು ಗಟ್ಟಿ ನಿಲ್ಲಲಿ ಎಂದು 'ಶಕ್ತಿ ಕೂಡಿಡಲು' ಹದಿನೈದು, ಇಪ್ಪತ್ತು ದಿನ ಹೆಂಡತಿಯಿಂದ ದೂರ ಇರುತ್ತಿದ್ದ. ಯಾರೋ ಹಿರಿಯರು ಹೇಳಿದ್ದು. ಕೇಳಿ ನನಗೆ ಸಂಕಟವಾಯಿತು. ಮಗುವಿಗಾಗಿ ಅವನು ಮಾಡುತ್ತಿದ್ದ ವ್ರತವೇ ಉಲ್ಟಾ ಕೆಲಸ ಮಾಡುತ್ತಿತ್ತು. ವೀರ್ಯಾಣುಗಳು ಒಳಗೆ ಹೆಚ್ಚು ದಿನ ನಿಂತಷ್ಟೂ ಅವುಗಳ ಡಿಎನ್‌ಎಗೆ ಪೆಟ್ಟು ಬೀಳುವುದು ಹೆಚ್ಚು.

ಬಾಯ್ಲರ್ ಮುಂದಿನ ಸ್ಟೂಲು

ಒಂದು ಭಾನುವಾರ ಮಿಲ್ಲಿಗೆ ಹೋದೆ. ಮಾಲೀಕರ ಮನೆಯ ಹೆರಿಗೆಗಳು ನನ್ನ ಬಳಿಯೇ ಆಗಿದ್ದರಿಂದ ಒಳಗೆ ಬಿಡಲು ಯಾರೂ ತಕರಾರು ಮಾಡಲಿಲ್ಲ. ಹೊಟ್ಟಿನ ರಾಶಿ, ಅದರ ಪಕ್ಕ ಒಲೆಯ ಬಾಯಿ, ಬಾಯಿಯಿಂದ ನಾಲ್ಕು ಅಡಿ ದೂರಕ್ಕೆ ಒಂದು ಕಬ್ಬಿಣದ ಸ್ಟೂಲು. ಸ್ಟೂಲಿನ ಮೇಲೆ ಮಡಚಿದ ಗೋಣಿಚೀಲ. ರಾತ್ರಿಯೆಲ್ಲ ಅವನು ಕೂರುವುದು ಅಲ್ಲಿ, ದಪ್ಪ ಜೀನ್ಸ್ ಪ್ಯಾಂಟು ಹಾಕಿಕೊಂಡು, ಏಕೆಂದರೆ ಕಿಡಿ ಹಾರುತ್ತವೆ. ಸ್ಟೂಲಿನ ಮೇಲೆ ಕೈ ಇಟ್ಟೆ, ಇಡಲು ಆಗಲಿಲ್ಲ.

ವೃಷಣಗಳು ದೇಹದ ಹೊರಗೆ ಚೀಲದಲ್ಲಿ ಇರುವುದಕ್ಕೆ ಕಾರಣವೇ ಶಾಖ. ವೀರ್ಯಾಣು ಸರಿಯಾಗಿ ತಯಾರಾಗಲು ಮೈಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಆಮೇಲೆ ನಾಳಗಳಲ್ಲಿ ಪಕ್ವವಾಗಲು ಇನ್ನೂ ಒಂದೆರಡು ವಾರ. ಕೊನೆಯ ಹಂತದಲ್ಲಿ ಅದು ತನ್ನ ಮೈಯ ಹೆಚ್ಚಿನ ಭಾಗವನ್ನು ಕಳಚಿಕೊಂಡು ಹಗುರಾಗುತ್ತದೆ. ಡಿಎನ್‌ಎಯನ್ನು ಬಿಗಿಯಾಗಿ ಗಂಟು ಕಟ್ಟಿಟ್ಟಿರುತ್ತದೆ, ಆದರೆ ತುಂಡಾದರೆ ತಾನೇ ರಿಪೇರಿ ಮಾಡಿಕೊಳ್ಳುವ ಸಾಮರ್ಥ್ಯ ಉಳಿದಿರುವುದಿಲ್ಲ. ಶಾಖ, ತಂಬಾಕು, ಏರಿದ ಸಕ್ಕರೆ ಇವೆಲ್ಲ ಆ ಗಂಟಿನೊಳಗಿನ ಎಳೆಗಳನ್ನು ಅಲ್ಲಲ್ಲಿ ಕಡಿಯುತ್ತವೆ.

ಕಡಿದ ಎಳೆಯ ವೀರ್ಯಾಣುವೂ ಈಜುತ್ತದೆ, ಅಂಡವನ್ನು ಸೇರುತ್ತದೆ, ಬಸಿರೂ ಆಗುತ್ತದೆ. ಮೊದಲ ಎರಡು ಮೂರು ದಿನ ಭ್ರೂಣ ನಡೆಯುವುದು ಅಂಡದಲ್ಲಿ ಕೂಡಿಟ್ಟ ಸರಕಿನಿಂದ. ನಾಲ್ಕರಿಂದ ಎಂಟು ಕೋಶಗಳಾಗುವ ಹೊತ್ತಿಗೆ ಭ್ರೂಣದ ಸ್ವಂತ ಜೀನುಗಳು ಕೆಲಸ ಶುರು ಮಾಡುತ್ತವೆ, ತಂದೆಯಿಂದ ಬಂದವೂ ಆಗಲೇ. ಮುಂದೆ ಮಾಸು ಬೆಳೆಯುವುದರಲ್ಲಿ ತಂದೆಯ ಕಡೆಯ ಜೀನುಗಳ ಪಾಲು ದೊಡ್ಡದು. ಸಣ್ಣಪುಟ್ಟ ಕಡಿತಗಳನ್ನು ಅಂಡವೇ ರಿಪೇರಿ ಮಾಡುತ್ತದೆ. ಪೆಟ್ಟು ಜಾಸ್ತಿಯಾದರೆ ಆಗುವುದಿಲ್ಲ. ಹಾಗಾಗಿ 'ಬಸಿರಾಗುತ್ತಾಳೆ' ಎಂಬುದು ವೀರ್ಯಾಣು ಅಂಡವನ್ನು ಮುಟ್ಟಿತು ಎಂಬುದಕ್ಕಷ್ಟೇ ಸಾಕ್ಷಿ.

ಅವನಿಗೆ ಇದನ್ನು ಹೇಳುವಾಗ ಬೀಜ ಮತ್ತು ಹೊಲದ ಹೋಲಿಕೆಯನ್ನು ಬೇಕೆಂದೇ ಬಿಟ್ಟಿದ್ದೆ. ಹೆಣ್ಣನ್ನು ಹೊಲ ಮಾಡಿ, ಬೆಳೆ ಬಾರದಾಗ ಹೊಲವನ್ನೇ ಬೈಯುವ ಮಾತು ಅದು, ನನಗೆ ಸೇರುವುದಿಲ್ಲ. ಅವನೇ ತೆಗೆದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುದಿಸಿದ ಭತ್ತ ಬಿತ್ತಿದ್ರ ಹುಟ್ಟಂಗಿಲ್ಲ ಅನ್ನೂದು ನನಗ ಗೊತ್ತೈತ್ರಿ. ದಿನಾ ಕುದಸಾಂವ ನಾನಽ" ಎಂದ.

ಸರಿ ಇದ್ದ ರಿಪೋರ್ಟು, ಸರಿ ಇಲ್ಲದ ರಿಪೋರ್ಟು

ವೀರ್ಯ ಪರೀಕ್ಷೆಗೆ ನಾಲ್ಕು ದಿನ ಅಂತರ ಇಟ್ಟು ಬರಲು ಹೇಳಿದೆವು. ನಮ್ಮಲ್ಲಿ ಅದಕ್ಕೆಂದು ಬೇರೆ ಕೋಣೆ ಇಲ್ಲ. ಶೌಚಾಲಯಕ್ಕೆ ಹೋಗಿ ಕಾಲು ತಾಸು ಇದ್ದು ಖಾಲಿ ಡಬ್ಬಿ ತಂದಿಟ್ಟು ಹೋದ. ಮರುದಿನ ಮನೆಯಿಂದಲೇ ತರಲು ಹೇಳಿದೆ, ಒಂದು ತಾಸಿನೊಳಗೆ, ಮೈಗೆ ತಾಗುವಂತೆ ಅಂಗಿಯೊಳಗೆ ಇಟ್ಟುಕೊಂಡು. ಬೈಕಿನ ಮೇಲೆ ಇಪ್ಪತ್ತು ನಿಮಿಷದಲ್ಲಿ ಬಂದ. ಗಂಡಸರು ಪರೀಕ್ಷೆಗೆ ಬರುವುದಿಲ್ಲ ಎಂದು ದೂರುವ ನಾವು ಅವರಿಗೆ ಚಿಲಕ ಇರುವ ಒಂದು ಕೋಣೆಯನ್ನಾದರೂ ಕೊಟ್ಟಿದ್ದೇವೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡಿದೆ.

ರಿಪೋರ್ಟು ಸರಿಯಾಗಿತ್ತು. ಮಿಲಿಲೀಟರಿಗೆ 3 ಕೋಟಿ 40 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಗಿನ ಗೆರೆ 1 ಕೋಟಿ 60 ಲಕ್ಷ. ಮುಂದಕ್ಕೆ ಚಲಿಸುವವು ಶೇ 33, ಗೆರೆ 30. ಆಕಾರ ಸರಿ ಇರುವವು ಶೇ 4, ಗೆರೆಯೂ 4. ಇಲ್ಲಿಗೆ ನಿಲ್ಲಿಸಿದ್ದರೆ 'ಗಂಡನದು ನಾರ್ಮಲ್' ಎಂದು ಬರೆದು ಮತ್ತೆ ಹೆಂಡತಿಯ ಫೈಲಿಗೆ ಮರಳುತ್ತಿದ್ದೆವು. ಆ ಪರೀಕ್ಷೆ ಎಣಿಸುತ್ತದೆ, ಓಟ ಮತ್ತು ಆಕಾರ ನೋಡುತ್ತದೆ. ತಲೆಯೊಳಗಿನ ಡಿಎನ್‌ಎ ಹೇಗಿದೆ ಎಂದು ಅದಕ್ಕೆ ತಿಳಿಯದು.

ಡಿಎನ್‌ಎ ತುಂಡಾಗಿರುವುದನ್ನು ಅಳೆಯುವ ಪರೀಕ್ಷೆ ಬೇರೆ ಇದೆ. ಎಲ್ಲರಿಗೂ ಮಾಡಿಸುವಂಥದ್ದಲ್ಲ. ಮರುಗರ್ಭಪಾತದ ದಂಪತಿಗಳಲ್ಲಿ ಅದನ್ನು ಪರಿಗಣಿಸಬಹುದು ಎಂದು ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘದ 2022ರ ಮಾರ್ಗಸೂಚಿ ಹೇಳುತ್ತದೆ. ಗಂಡನ ವಯಸ್ಸು, ಧೂಮಪಾನ, ಮದ್ಯ, ತೂಕ, ವ್ಯಾಯಾಮ ಇವನ್ನೆಲ್ಲ ಕೇಳಲೇಬೇಕು ಎನ್ನುತ್ತದೆ. ಇವನ ಕೆಲಸ ನೋಡಿ ಮಾಡಿಸಿದೆ. ಶೇ 38 ಬಂತು. 30 ದಾಟಿದರೆ ಹೆಚ್ಚು ಎಂದು ಸಾಮಾನ್ಯವಾಗಿ ಲೆಕ್ಕ. ಇಬ್ಬರ ಕ್ರೋಮೋಸೋಮ್ ಪರೀಕ್ಷೆಯನ್ನೂ ಕಳಿಸಿದೆ. ಸಾಲಾಗಿ ಬಸಿರು ಹೋಗುವ ನೂರು ಜೋಡಿಗಳಲ್ಲಿ ಎರಡರಿಂದ ಐದರಲ್ಲಿ, ಗಂಡ ಅಥವಾ ಹೆಂಡತಿ ಒಬ್ಬರಲ್ಲಿ ಕ್ರೋಮೋಸೋಮ್ ತುಣುಕುಗಳು ಸ್ಥಾನ ಬದಲಿಸಿಕೊಂಡಿರುತ್ತವೆ. ನೋಡಲು ಆರೋಗ್ಯವಂತರೇ ಆಗಿರುತ್ತಾರೆ. ಇವರಲ್ಲಿ ಇಬ್ಬರದೂ ಸರಿ ಇತ್ತು. ಹೆಂಡತಿಯ ಎರಡನೇ ಸಲದ ಪ್ರತಿಕಾಯ ಪರೀಕ್ಷೆಯೂ ಇಲ್ಲ ಎಂದೇ ಬಂತು.

ತೀರ್ಮಾನಗಳು

ಬಳ್ಳಾರಿಯ ಒಬ್ಬ ಮೂತ್ರರೋಗ ತಜ್ಞರಿಗೆ ತೋರಿಸಿದೆವು. ಎಡಭಾಗದ ವೃಷಣದ ಮೇಲೆ ರಕ್ತನಾಳಗಳು ಉಬ್ಬಿಕೊಂಡಿದ್ದವು, ವೆರಿಕೋಸೀಲ್, ಎರಡನೇ ದರ್ಜೆಯದು. ಅದೂ ಶಾಖ ಏರಿಸುತ್ತದೆ. ಆಪರೇಶನ್ ಮಾಡೋಣ ಎಂದರು ಅವರು. ನಾನು ತಡೆದೆ. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ವೆರಿಕೋಸೀಲ್ ಇರುತ್ತದೆ, ಹೆಚ್ಚಿನವರಿಗೆ ಮಕ್ಕಳಾಗಿವೆ. ಇವನ ಎಣಿಕೆ ಮತ್ತು ಚಲನೆ ಗೆರೆಯ ಮೇಲೇ ಇದ್ದವು. ಕಣ್ಣೆದುರು ಬಾಯ್ಲರ್, ತಂಬಾಕು, 8.4ರ ಸಕ್ಕರೆ ಇರುವಾಗ ಮೊದಲು ಕತ್ತರಿ ಹಿಡಿಯುವುದು ನನಗೆ ಸರಿ ಕಾಣಲಿಲ್ಲ. ಕಡಿಮೆ ಮಾಡಬಹುದಾದದ್ದನ್ನೆಲ್ಲ ಮಾಡಿ, ನಾಲ್ಕು ತಿಂಗಳ ನಂತರ ಮತ್ತೆ ಅಳೆದು, ಆಗಲೂ ಇಳಿಯದಿದ್ದರೆ ಆಪರೇಶನ್ ಎಂದು ಮೂವರೂ ಒಪ್ಪಿದೆವು. ತಜ್ಞರೂ ಬೇಸರ ಮಾಡಿಕೊಳ್ಳಲಿಲ್ಲ.

ಗಂಡಸರ ಶಕ್ತಿಗೆಂದು ಅಂಗಡಿಗಳಲ್ಲಿ ಸಿಗುವ ಜಿಂಕ್, ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ಬರೆಯಲಿಲ್ಲ. ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಬಡವರ ದುಡ್ಡು ಅಲ್ಲೂ ಹರಿಯುತ್ತದೆ. ಅಮೆರಿಕದಲ್ಲಿ 2,370 ಜೋಡಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರಿಗೆ ಫೋಲಿಕ್ ಆಸಿಡ್ ಮತ್ತು ಜಿಂಕ್ ಕೊಟ್ಟರೂ ಹುಟ್ಟುವ ಮಕ್ಕಳ ಪ್ರಮಾಣ ಹೆಚ್ಚಲಿಲ್ಲ. ವೀರ್ಯಾಣುಗಳ ಡಿಎನ್‌ಎ ತುಂಡಾಗಿರುವುದು ಮಾತ್ರೆ ತಿಂದವರಲ್ಲೇ ತುಸು ಹೆಚ್ಚಿತ್ತು.

ಸಕ್ಕರೆಗೆ ಮೆಟ್‌ಫಾರ್ಮಿನ್, ಸಂಜೆಯ ಬೆಲ್ಲದ ಚಹಾ ಬಂದ್, ರೊಟ್ಟಿಯ ಜೊತೆ ಕಾಳುಪಲ್ಯ ಹೆಚ್ಚು. ಹೊಲಕ್ಕೆ ಔಷಧಿ ಹೊಡೆಯುವುದು ತಮ್ಮನ ಪಾಲಿಗೆ, ಕೈಗವಸು ಹಾಕಿಕೊಂಡು. ನಾಲ್ಕು ತಿಂಗಳು ಬಸಿರಾಗದಂತೆ ಕಾಂಡೋಮ್, ದೂರ ಇರುವ ವ್ರತ ಮಾತ್ರ ಬೇಡ. ಮಗು ಬೇಕೆಂದು ಬಂದವರಿಗೆ ಮಗು ಆಗದಂತೆ ನೋಡಿಕೊಳ್ಳಿ ಎನ್ನುವುದು ಸುಲಭದ ಮಾತಲ್ಲ. ಅಜ್ಜಿ ಒಂದು ವಾರ ನನ್ನ ಮೇಲೆ ಮುನಿದಳು.

ಬಾಯ್ಲರ್ ಬಿಡುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಅಲ್ಲಿಗೆ ತಿಂಗಳಿಗೆ 2,500 ರೂಪಾಯಿ ಭತ್ಯೆ ಹೆಚ್ಚು. ಬೇಸಿಗೆಯಲ್ಲಿ ಮಿಲ್ಲು ನಿಧಾನ ಇದ್ದದ್ದರಿಂದ ಮಾಲೀಕರು ಅವನನ್ನು ಲಾರಿ ತೂಕದ ಕಾಟಾಕ್ಕೆ ಹಾಕಿದರು, ಭತ್ಯೆ ಹೋಯಿತು. ಅವನು ಬೇರೆಯವರಿಗೆ ಕಾರಣ ಹೇಳಲಿಲ್ಲ, ಬೆನ್ನು ನೋವು ಎಂದ. ತಂಬಾಕು ಬಿಡಲು 1800-112-356 ನಂಬರಿಗೆ ಫೋನ್ ಮಾಡಿಸಿದೆ, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡುತ್ತಾರೆ. ಎರಡು ತಿಂಗಳಲ್ಲಿ ನಾಲ್ಕು ಚೀಟಿಗೆ ಇಳಿದ. ಕಾರಟಗಿಯಲ್ಲಿ ಗೆಳೆಯನ ಮದುವೆಗೆ ಹೋಗಿ ಬಂದ ಮೇಲೆ ಮತ್ತೆ ಹತ್ತಕ್ಕೆ ಏರಿದ. ಹೆಂಡತಿ ಬೈಯಲಿಲ್ಲ. ಪ್ರತಿದಿನ ರಾತ್ರಿ ಖಾಲಿ ಚೀಟಿಗಳನ್ನು ಜೇಬಿನಿಂದ ತೆಗೆದು ಎಣಿಸಿ ಕ್ಯಾಲೆಂಡರಿನ ಮೇಲೆ ಸಂಖ್ಯೆ ಬರೆಯತೊಡಗಿದಳು. ಮೂರು ವರ್ಷದಿಂದ ಆ ಕ್ಯಾಲೆಂಡರಿನಲ್ಲಿ ಗುರುತು ಬೀಳುತ್ತಿದ್ದುದು ಆಕೆಯ ಮುಟ್ಟಿನ ದಿನಗಳಿಗೆ ಮಾತ್ರ. ಜುಲೈ ಕೊನೆಗೆ ಅವಳು ಬರೆದ ಸಂಖ್ಯೆಗಳು ಸೊನ್ನೆಗೆ ಬಂದವು.

ಏನಾಯಿತು

ಆಗಸ್ಟ್‌ನಲ್ಲಿ ಎಚ್‌ಬಿಎ1ಸಿ 6.7. ಡಿಎನ್‌ಎ ತುಂಡಾದ ಪ್ರಮಾಣ ಶೇ 23. ಆಪರೇಶನ್ ಮಾತು ಬಿಟ್ಟೆವು. ಅಕ್ಟೋಬರಿನಲ್ಲಿ ಆಕೆಗೆ ಮುಟ್ಟು ನಿಂತಿತು.

ಆರನೇ ವಾರಕ್ಕೆ ಬಡಿತ ಕಂಡಿತು. ಏಳು ದಾಟಿತು. ಎಂಟನೇ ವಾರದ ಮೂರನೇ ದಿನ ಬೆಳಿಗ್ಗೆ ರಕ್ತ ಕಂಡಿತೆಂದು ಓಡಿ ಬಂದರು. ಸ್ಕ್ಯಾನಿಂಗ್ ಮಾಡುವಾಗ ಅವನು ಮೊದಲ ಬಾರಿಗೆ ಆ ಕೋಣೆಯೊಳಗೆ ನಿಂತಿದ್ದ. ಬಡಿತ ಇತ್ತು. ಹಿಂದೆ ಬಸಿರು ಹೋಗಿ, ಈ ಸಲ ರಕ್ತಸ್ರಾವವಾದ ಹೆಂಗಸರಿಗೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಉಪಯೋಗವಾಗುತ್ತದೆ ಎಂಬುದಕ್ಕೆ 2019ರ ಬ್ರಿಟನ್ ಅಧ್ಯಯನದ ಆಧಾರ ಇದೆ, ಹಾಗಾಗಿ ಹದಿನಾರು ವಾರದವರೆಗೆ ಅದನ್ನು ಕೊಟ್ಟೆ. ಹಿಂದಿನ ಬಸಿರುಗಳಲ್ಲಿ ರಕ್ತಸ್ರಾವ ಇಲ್ಲದಾಗಲೂ ಸುರಿದಿದ್ದ ಇಂಜೆಕ್ಷನ್‌ಗಳಿಗೆ ಆ ಆಧಾರ ಇರಲಿಲ್ಲ. ಮೂವತ್ತೆಂಟನೇ ವಾರಕ್ಕೆ ಸಹಜ ಹೆರಿಗೆಯಾಯಿತು. ಹೆಣ್ಣು ಮಗು, 2 ಕಿಲೋ 700 ಗ್ರಾಂ.

ಇದನ್ನು ಓದಿ ಬಾಯ್ಲರ್ ಬಿಟ್ಟದ್ದಕ್ಕೇ ಮಗು ನಿಂತಿತು ಎಂದು ಯಾರೂ ತಿಳಿಯಬಾರದು. ಸಕ್ಕರೆ ಇಳಿಯಿತು, ತಂಬಾಕು ನಿಂತಿತು, ಶಾಖ ತಪ್ಪಿತು, ದೂರ ಇರುವ ವ್ರತ ಬಿಟ್ಟರು, ಪ್ರೊಜೆಸ್ಟೆರಾನ್ ಕೊಟ್ಟೆವು. ಎಲ್ಲ ಒಂದೇ ಹೊತ್ತಿಗೆ ಆದವು. ಅದಕ್ಕಿಂತ ಮುಖ್ಯವಾಗಿ, ಕಾರಣ ಸಿಗದ ಮೂರು ಗರ್ಭಪಾತದ ನಂತರವೂ ಎಳೆಯ ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಮುಂದಿನ ಬಸಿರು ನಿಲ್ಲುತ್ತದೆ. ಆದರೆ ತಂದೆಯ ಆರೋಗ್ಯದ ನಂಟು ಊಹೆಯದಲ್ಲ. ಅಮೆರಿಕದ ವಿಮಾ ದಾಖಲೆಗಳಲ್ಲಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಬಸಿರುಗಳನ್ನು ನೋಡಿದಾಗ, ತಂದೆಗೆ ಬೊಜ್ಜು, ಸಕ್ಕರೆ, ರಕ್ತದೊತ್ತಡದಂಥ ತೊಂದರೆಗಳು ಹೆಚ್ಚಿದಷ್ಟೂ ಬಸಿರು ಕಳೆದುಕೊಳ್ಳುವ ಪ್ರಮಾಣವೂ ಹೆಚ್ಚಿತ್ತು.

ಇನ್ನೊಂದು ಲೆಕ್ಕವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಬಸಿರಿನ ಮಾತು ಹಾಗಿರಲಿ, ಮೂವತ್ಮೂರು ವರ್ಷದ ಒಬ್ಬ ಮನುಷ್ಯ 8.4ರ ಸಕ್ಕರೆ ಇಟ್ಟುಕೊಂಡು ಓಡಾಡುತ್ತಿದ್ದ. ನಾಲ್ಕು ಆಸ್ಪತ್ರೆಗಳ ಬಾಗಿಲಲ್ಲಿ ಬೈಕಿನ ಮೇಲೆ ಕೂತಿದ್ದ, ನನ್ನ ಬಾಗಿಲಲ್ಲೂ. ಅವನ ಬೆರಳು ಚುಚ್ಚಲು ಬೇಕಿದ್ದದ್ದು ಒಂದು ನಿಮಿಷ. ಆ ಮನೆಯಲ್ಲಿ ಇನ್ನೊಂದು ಮದುವೆ ಆಗಿಬಿಟ್ಟಿದ್ದರೆ ಅವನ ಸಕ್ಕರೆ, ತಂಬಾಕು, ಆ ಸ್ಟೂಲು ಎಲ್ಲವೂ ಅವನ ಜೊತೆಗೇ ಹೋಗಿ ಎರಡನೆಯವಳ ಬಸಿರನ್ನೂ ಕಾಯುತ್ತಿದ್ದವು. ಈಗ ನಮ್ಮಲ್ಲಿ ಎರಡನೇ ಗರ್ಭಪಾತಕ್ಕೆ ಬಂದ ಕೂಡಲೇ ಗಂಡನ ಹೆಸರಿನಲ್ಲೂ ಕೇಸ್ ಪೇಪರ್ ತೆಗೆಯುತ್ತಾರೆ. ತೂಕ, ಬಿಪಿ, ಸಕ್ಕರೆ, ಕೆಲಸ ಏನು, ಎಷ್ಟು ಚೀಟಿ, ಎಷ್ಟು ಕುಡಿತ. ಹತ್ತು ನಿಮಿಷದ ಕೆಲಸ. ಸ್ಟೋರ್ ರೂಮಿನ ಸಾಮಾನು ತೆಗೆಸಿ ಅಲ್ಲಿಗೆ ಒಂದು ಚಿಲಕ ಹಾಕಿಸಿದ್ದೇನೆ.

ಮಗುವಿಗೆ ಈಗ ಒಂದೂವರೆ ವರ್ಷ. ಅವನು ಮೂರು ತಿಂಗಳಿಗೊಮ್ಮೆ ಸಕ್ಕರೆ ತೋರಿಸಲು ಬರುತ್ತಾನೆ. ಕಳೆದ ಸಲ 7.3 ಇತ್ತು. ಕೇಳಿದರೆ, ದೀಪಾವಳಿಯಿಂದ ಮತ್ತೆ ಬಾಯ್ಲರಿಗೆ ಹೋಗುತ್ತಿದ್ದೇನೆ ಎಂದ. ಕೂಸಿನ ಖರ್ಚು, ಮನೆ ಕಟ್ಟಿದ ಸಾಲ, ಆ 2,500 ಬೇಕಾಗಿತ್ತು. ಸ್ಟೂಲನ್ನು ಮಾತ್ರ ಹತ್ತು ಅಡಿ ಹಿಂದಕ್ಕೆ ಸರಿಸಿದ್ದಾನಂತೆ, ತಾಸಿಗೊಮ್ಮೆ ಎದ್ದು ಹೊರಗೆ ಗಾಳಿಗೆ ನಿಂತು ಬರುತ್ತಾನಂತೆ. ಇನ್ನೊಂದು ಮಗು ಬೇಕೆನ್ನಿಸಿದರೆ ನಾಲ್ಕು ತಿಂಗಳ ಮೊದಲೇ ಬಂದು ಹೇಳಬೇಕು ಎಂದು ಅವನ ಕೇಸ್ ಪೇಪರಿನ ಮೇಲೆ ಬರೆದು, ಅವನ ಕೈಯಲ್ಲಿ ಓದಿಸಿ ಕಳಿಸಿದೆ.